ಕೇಬಲ್ ಇಲ್ಲದೆ ಫೋನು–ಕಂಪ್ಯೂಟರ್ ಸಿಂಕ್: ಮನೆಯ ವೈಫೈ ಒಂದೇ ಸಾಕು

ಕರಾವಳಿಯ ಹವೆಗೆ ಫೋನಿನ ಚಾರ್ಜಿಂಗ್ ಪೋರ್ಟ್ ಬೇಗ ಕೆಡುತ್ತದೆ. ಉಪ್ಪುಗಾಳಿಯ ತೇವ ಒಳಸೇರಿ ಪಿನ್ನುಗಳಿಗೆ ಕಿಲುಬು ಹಿಡಿದರೆ ಚಾರ್ಜ್ ಹೇಗೋ ಆಗುತ್ತದೆ, ಕಂಪ್ಯೂಟರಿಗೆ ಮಾತ್ರ ಫೋನು ಕಾಣಿಸುವುದಿಲ್ಲ. ಆಟಿಯ ಮಳೆಯಲ್ಲಿ ಕೆಲವು ಫೋನುಗಳು ಪೋರ್ಟಿನಲ್ಲಿ ತೇವ ಇದೆಯೆಂದು ಎಚ್ಚರಿಸಿ ಕೇಬಲನ್ನೇ ಒಪ್ಪುವುದಿಲ್ಲ. ವೈಫೈ ಮೂಲಕ ಸಿಂಕ್ ಆಗುವಂತೆ, ಅಂದರೆ ಒಂದು ಕಡೆಯ ಫೈಲು ಇನ್ನೊಂದು ಕಡೆಯೂ ತಾನಾಗಿ ಇರುವಂತೆ, ಒಮ್ಮೆ ಸರಿಯಾಗಿ ಜೋಡಿಸಿಟ್ಟರೆ ಈ ತಾಪತ್ರಯ ಇಲ್ಲ. ಇದಕ್ಕೆ ಇಂಟರ್ನೆಟ್ ಕೂಡ ಬೇಕಿಲ್ಲ. ಗಾಳಿಮಳೆಗೆ ಮರ ಬಿದ್ದು ಫೈಬರ್ ಕಡಿದಿದ್ದರೂ ರೂಟರಿಗೆ ಇನ್ವರ್ಟರಿನ ಕರೆಂಟು ಸಿಗುತ್ತಿದ್ದರೆ ಸಾಕು. ಫೈಲು ಫೋನಿನಿಂದ ರೂಟರಿಗೆ, ಅಲ್ಲಿಂದ ಕಂಪ್ಯೂಟರಿಗೆ ಹೋಗುತ್ತದೆ. ಮನೆಯ ಪಾಗಾರ ದಾಟುವುದಿಲ್ಲ.

ಆದರೆ ಒಂದು ವಿಷಯವನ್ನು ಮೊದಲೇ ತಿಳಿದಿರಬೇಕು. ಸಿಂಕ್ ಮಾಡಿದ ಫೋಲ್ಡರಿನಲ್ಲಿ ಹೊಸ ಫೋಟೋ ಹೇಗೆ ಆಚೆ ತಲುಪುತ್ತದೋ, ಡಿಲೀಟ್ ಮಾಡಿದ್ದೂ ಹಾಗೆಯೇ ತಲುಪುತ್ತದೆ. ಫೋನಿನಲ್ಲಿ ಜಾಗ ಸಾಲದೆ ಹಳೆಯ ಫೋಟೋ ಅಳಿಸಿದರೆ ಕಂಪ್ಯೂಟರಿನಿಂದಲೂ ಅವು ಹೋಗುತ್ತವೆ. ಜನ ಫೋಟೋ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ. ಇದನ್ನು ತಡೆಯುವ ಸೆಟ್ಟಿಂಗ್ ಕೆಳಗೆ ಇದೆ. ಅದನ್ನು ಮಾಡದೆ ಸಿಂಕ್ ಶುರು ಮಾಡಬೇಡಿ.

ಯಾವ ಕೆಲಸಕ್ಕೆ ಯಾವ ಆ್ಯಪ್

ಆಗೊಮ್ಮೆ ಈಗೊಮ್ಮೆ ನಾಲ್ಕಾರು ಫೈಲು ಕಳಿಸುವವರಿಗೆ ಲೋಕಲ್‌ಸೆಂಡ್ ಸಾಕು. ಉಚಿತ; ಆಂಡ್ರಾಯ್ಡ್, ಐಫೋನ್, ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ನಡೆಯುತ್ತದೆ. ಎರಡೂ ಕಡೆ ತೆರೆದಿಟ್ಟರೆ ಒಂದಕ್ಕೊಂದು ಕಾಣಿಸುತ್ತವೆ, ಫೈಲು ಆರಿಸಿ ಕಳಿಸಿದರಾಯಿತು. ಆಂಡ್ರಾಯ್ಡ್ ಮತ್ತು ವಿಂಡೋಸ್ ಮಾತ್ರ ಇರುವಲ್ಲಿ ಗೂಗಲಿನ ಕ್ವಿಕ್ ಶೇರ್ ಸಹ ಒಳ್ಳೆಯದೇ. ಅದಕ್ಕೆ ಎರಡೂ ಕಡೆ ಬ್ಲೂಟೂತ್ ಆನ್ ಇರಬೇಕು. ಫೋನಿನ ನೋಟಿಫಿಕೇಶನ್ ಕಂಪ್ಯೂಟರಿನಲ್ಲಿ ನೋಡಬೇಕು, ಅಲ್ಲಿ ಕಾಪಿ ಮಾಡಿದ್ದನ್ನು ಇಲ್ಲಿ ಪೇಸ್ಟ್ ಮಾಡಬೇಕು ಎನ್ನುವವರಿಗೆ ಕೆಡಿಇ ಕನೆಕ್ಟ್ ಇದೆ.

ಇವುಗಳಲ್ಲಿ ಫೈಲು ಕಳಿಸುವುದು ಪ್ರತಿಸಲ ಕೈಯಿಂದಲೇ ಮಾಡುವ ಕೆಲಸ. ಫೋಟೋ ತೆಗೆದು ಮನೆಗೆ ಬಂದು ವೈಫೈ ಹಿಡಿದ ಕೂಡಲೇ ತಾನಾಗಿ ಕಂಪ್ಯೂಟರಿಗೆ ಇಳಿಯಬೇಕು ಎಂದಾದರೆ ನಮ್ಮ ಆಯ್ಕೆ ಸಿಂಕ್‌ಥಿಂಗ್. ಓಪನ್ ಸೋರ್ಸ್, ಹಣ ಬೇಕಿಲ್ಲ, ಖಾತೆ ತೆರೆಯಬೇಕಿಲ್ಲ, ನಡುವೆ ಯಾರ ಸರ್ವರಿನಲ್ಲೂ ಫೈಲು ಉಳಿಯುವುದಿಲ್ಲ. ಐಫೋನಿನವರಿಗೆ ಇದು ಅಷ್ಟು ಹೊಂದುವುದಿಲ್ಲ, ಏಕೆಂದರೆ ಐಓಎಸ್ ಆ್ಯಪ್‌ಗಳನ್ನು ಹಿನ್ನೆಲೆಯಲ್ಲಿ ಹೆಚ್ಚು ಹೊತ್ತು ಓಡಲು ಬಿಡುವುದಿಲ್ಲ. ಅವರು ಲೋಕಲ್‌ಸೆಂಡ್ ಬಳಸಲಿ, ಇಲ್ಲವೇ ಆಪಲ್‌ನದೇ ವೈಫೈ ಸಿಂಕ್ ಬಳಸಲಿ. ಆಪಲ್‌ನದಕ್ಕೆ ಮೊದಲ ಸಲ ಕೇಬಲ್ ಬೇಕೇ ಬೇಕು.

ಮೊದಲು ರೂಟರ್ ನೋಡಿ

ಫೋನೂ ಕಂಪ್ಯೂಟರೂ ಒಂದೇ ರೂಟರಿನಲ್ಲಿ ಇರಬೇಕು. ಒಂದು 2.4 ಗಿಗಾಹರ್ಟ್ಸ್ ವೈಫೈಯಲ್ಲಿ, ಇನ್ನೊಂದು 5 ಗಿಗಾಹರ್ಟ್ಸ್‌ನಲ್ಲಿ ಇದ್ದರೆ ತೊಂದರೆಯಿಲ್ಲ. ಆದರೆ ಗೆಸ್ಟ್ ವೈಫೈಗೆ ಸೇರಿದ ಫೋನು ಕಂಪ್ಯೂಟರನ್ನು ಕಾಣುವುದಿಲ್ಲ. ಎಪಿ ಐಸೋಲೇಶನ್ ಅಥವಾ ಕ್ಲೈಂಟ್ ಐಸೋಲೇಶನ್ ಎಂಬ ಆಯ್ಕೆ ಆನ್ ಇದ್ದರೂ ಹಾಗೆಯೇ: ಇಬ್ಬರಿಗೂ ಇಂಟರ್ನೆಟ್ ಸಿಗುತ್ತದೆ, ಪರಸ್ಪರ ಮಾತ್ರ ಸಿಗುವುದಿಲ್ಲ. ಮಣಿಪಾಲ, ದೇರಳಕಟ್ಟೆಯಂಥ ಕಡೆ ಹಾಸ್ಟೆಲ್, ಪಿಜಿಗಳಲ್ಲಿ ಇರುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ನೂರಾರು ಜನ ಬಳಸುವ ವೈಫೈಯಲ್ಲಿ ಸುರಕ್ಷತೆಗೆಂದು ಐಸೋಲೇಶನ್ ಹಾಕಿರುವುದು ಸಾಮಾನ್ಯ, ಮತ್ತು ಹಾಕಿರುವುದೇ ಸರಿ. ಅಂಥಲ್ಲಿ ಕೊನೆಯಲ್ಲಿ ಹೇಳಿರುವ ಹಾಟ್‌ಸ್ಪಾಟ್ ದಾರಿ ಹಿಡಿಯಿರಿ.

ವಿಂಡೋಸ್ ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್, ವೈಫೈ, ಅದರ ಪ್ರಾಪರ್ಟೀಸ್ ತೆರೆದು ಮನೆಯ ವೈಫೈಯನ್ನು ‘ಪ್ರೈವೇಟ್ ನೆಟ್‌ವರ್ಕ್’ ಎಂದು ಮಾಡಿ. ‘ಪಬ್ಲಿಕ್’ ಎಂದಿದ್ದರೆ ಹೊರಗಿನಿಂದ ಬರುವ ಸಂಪರ್ಕವನ್ನು ಫೈರ್‌ವಾಲ್ ತಡೆಯುವ ಸಂಭವ ಹೆಚ್ಚು.

ಸಿಂಕ್‌ಥಿಂಗ್ ಜೋಡಣೆ

ವಿಂಡೋಸ್‌ಗೆ ಸಿಂಕ್‌ಥಿಂಗ್ ವಿಂಡೋಸ್ ಸೆಟಪ್ ಎಂಬ ಇನ್‌ಸ್ಟಾಲರ್ ಹಾಕಿದರೆ ಕಂಪ್ಯೂಟರ್ ಶುರುವಾದಾಗ ಅದೂ ತಾನಾಗಿ ಶುರುವಾಗುವ ವ್ಯವಸ್ಥೆ ಸಿಗುತ್ತದೆ. ಬ್ರೌಸರಿನಲ್ಲಿ 127.0.0.1:8384 ಎಂದು ಹೊಡೆದರೆ ಅದರ ಪುಟ ತೆರೆಯುತ್ತದೆ. ಫೋನಿಗೆ ಎಫ್-ಡ್ರಾಯ್ಡ್ ಎಂಬ ಓಪನ್ ಸೋರ್ಸ್ ಆ್ಯಪ್‌ಗಳ ತಾಣದಿಂದ ಸಿಂಕ್‌ಥಿಂಗ್-ಫೋರ್ಕ್ ಹಾಕಿ. ಮೂಲ ಆಂಡ್ರಾಯ್ಡ್ ಆ್ಯಪ್ 2024ರ ಡಿಸೆಂಬರಿನಲ್ಲಿ ನಿಂತುಹೋಗಿದೆ. ಹಳೆಯ ಫೋನಿನಲ್ಲಿ ಇನ್ನೂ ಅದೇ ಇದ್ದರೆ ಬದಲಿಸಿಕೊಳ್ಳಿ.

ಫೋನಿನ ಆ್ಯಪ್ ಮೊದಲು ಅನುಮತಿ ಕೇಳುತ್ತದೆ. ಎಲ್ಲ ಫೈಲುಗಳ ಅನುಮತಿ ಕೊಡಲೇಬೇಕು. ಬ್ಯಾಟರಿ ಆಪ್ಟಿಮೈಸೇಶನ್‌ನಿಂದ ಹೊರಗಿಡುವುದೂ ಅಷ್ಟೇ ಮುಖ್ಯ. ಲೊಕೇಶನ್ ಅನುಮತಿ ಏಕೆಂದು ಅನುಮಾನ ಬೇಡ: ವೈಫೈಯ ಹೆಸರು ಓದಲು ಆಂಡ್ರಾಯ್ಡ್ ಅದನ್ನು ಕೇಳುತ್ತದೆ. ಮನೆಯ ವೈಫೈಯಲ್ಲಿ ಮಾತ್ರ ಸಿಂಕ್ ಆಗಲಿ ಎಂದು ಹೆಸರು ಆರಿಸಿಟ್ಟವರು ಲೊಕೇಶನ್ ಆಫ್ ಮಾಡಿದರೆ ಸಿಂಕ್ ಸದ್ದಿಲ್ಲದೆ ನಿಲ್ಲುತ್ತದೆ.

ಕಂಪ್ಯೂಟರಿನ ಪುಟದಲ್ಲಿ ಆ್ಯಕ್ಷನ್ಸ್, ಅದರೊಳಗೆ ಶೋ ಐಡಿ ಒತ್ತಿದರೆ ಕ್ಯೂಆರ್ ಕೋಡ್ ಬರುತ್ತದೆ. ಫೋನಿನ ಡಿವೈಸಸ್ ಭಾಗದಲ್ಲಿ ಪ್ಲಸ್ ಗುರುತು ಒತ್ತಿ ಅದನ್ನು ಸ್ಕ್ಯಾನ್ ಮಾಡಿ, ಸೇವ್ ಮಾಡಿ. ಸ್ವಲ್ಪ ಹೊತ್ತಿನಲ್ಲಿ ಕಂಪ್ಯೂಟರಿನಲ್ಲಿ ಹೊಸ ಡಿವೈಸ್ ಸೇರಬಯಸುತ್ತಿದೆ ಎಂದು ಸೂಚನೆ ಬರುತ್ತದೆ. ಆ್ಯಡ್ ಡಿವೈಸ್ ಒತ್ತಿ. ಇಲ್ಲಿ ಪಾಸ್‌ವರ್ಡ್ ಇಲ್ಲ. ಎರಡೂ ಕಡೆಯವರು ಒಬ್ಬರನ್ನೊಬ್ಬರು ಸೇರಿಸಿಕೊಂಡರೆ ಮಾತ್ರ ಸಂಪರ್ಕ.

ಈಗ ಫೋನಿನ ಫೋಲ್ಡರ್ಸ್ ಭಾಗದಲ್ಲಿ ಹೊಸ ಫೋಲ್ಡರ್ ಸೇರಿಸಿ. ದಾರಿ ಡಿಸಿಐಎಂ ಒಳಗಿನ ಕ್ಯಾಮೆರಾ. ಬಗೆ ‘ಸೆಂಡ್ ಓನ್ಲಿ’. ಕೆಳಗೆ ಕಂಪ್ಯೂಟರಿನ ಹೆಸರಿನ ಎದುರು ಆನ್ ಮಾಡಿ. ವಾಟ್ಸ್ಆ್ಯಪ್ ಫೋಟೋಗಳೂ ಬೇಕಾದರೆ ಅವು ಡಿಸಿಐಎಂನಲ್ಲಿ ಇರುವುದಿಲ್ಲ. ಆಂಡ್ರಾಯ್ಡ್, ಮೀಡಿಯಾ, ಕಾಮ್.ವಾಟ್ಸ್ಆ್ಯಪ್, ವಾಟ್ಸ್ಆ್ಯಪ್, ಮೀಡಿಯಾ ಎಂದು ಒಳಗೊಳಗೆ ಹೋಗಬೇಕು. ಅದನ್ನು ಬೇರೆ ಫೋಲ್ಡರಾಗಿ ಸೇರಿಸಿ.

ಕಂಪ್ಯೂಟರಿನಲ್ಲಿ ಫೋಲ್ಡರಿನ ಸೂಚನೆ ಬಂದಾಗ ಆ್ಯಡ್ ಒತ್ತಿ, ಎಲ್ಲಿ ಇಳಿಯಬೇಕೆಂದು ದಾರಿ ಕೊಡಿ. ಇನ್ನೂ ಸೇವ್ ಒತ್ತಬೇಡಿ.

ಸೇವ್ ಒತ್ತುವ ಮೊದಲು

ಅಡ್ವಾನ್ಸ್ಡ್ ಭಾಗದಲ್ಲಿ ಫೋಲ್ಡರ್ ಬಗೆಯನ್ನು ‘ರಿಸೀವ್ ಓನ್ಲಿ’ ಮಾಡಿ. ಹೀಗೆ ಮಾಡಿದರೆ ಕಂಪ್ಯೂಟರಿನಲ್ಲಿ ಯಾರಾದರೂ ಏನಾದರೂ ಅಳಿಸಿದರೆ ಫೋನಿನ ಫೋಟೋಗೆ ಧಕ್ಕೆಯಿಲ್ಲ. ಆದರೆ ಇದು ಒಂದು ಕಡೆಯ ರಕ್ಷಣೆ ಮಾತ್ರ. ರಿಸೀವ್ ಓನ್ಲಿ ಇದ್ದರೂ ಫೋನಿನಲ್ಲಿ ಡಿಲೀಟ್ ಆದದ್ದು ಕಂಪ್ಯೂಟರಿನಲ್ಲಿ ಡಿಲೀಟ್ ಆಗಿಯೇ ಆಗುತ್ತದೆ. ಎಷ್ಟೋ ಜನ ಇದನ್ನು ತಿರುಗಾಮುರುಗಾ ತಿಳಿದಿರುತ್ತಾರೆ.

ಆದ್ದರಿಂದ ಪಕ್ಕದ ‘ಫೈಲ್ ವರ್ಷನಿಂಗ್’ ತೆರೆದು ‘ಟ್ರ್ಯಾಶ್ ಕ್ಯಾನ್’ ಆರಿಸಿ. ಎಷ್ಟು ದಿನದ ಬಳಿಕ ತೆಗೆಯಬೇಕು ಎಂಬಲ್ಲಿ 0 ಹಾಕಿದರೆ ಎಂದೂ ತೆಗೆಯುವುದಿಲ್ಲ. ಡಿಸ್ಕ್ ಚಿಕ್ಕದಿದ್ದರೆ 90 ಹಾಕಿ. ಇನ್ನು ಮೇಲೆ ಫೋನಿನಲ್ಲಿ ಅಳಿಸಿದ ಫೋಟೋ ಕಂಪ್ಯೂಟರಿನಲ್ಲಿ ನಾಶವಾಗದೆ ಎಸ್‌ಟಿವರ್ಷನ್ಸ್ ಎಂಬ, ಚುಕ್ಕಿಯಿಂದ ಶುರುವಾಗುವ ಫೋಲ್ಡರಿಗೆ ಸರಿಯುತ್ತದೆ. ವರ್ಷನಿಂಗ್ ಕೆಲಸ ಮಾಡುವುದು ಆಚೆಯಿಂದ ಬಂದ ಬದಲಾವಣೆಗೆ ಮಾತ್ರ. ಕಂಪ್ಯೂಟರಿನಲ್ಲಿ ನೀವೇ ಅಳಿಸಿದ್ದನ್ನು ಅದು ಎತ್ತಿಡುವುದಿಲ್ಲ. ಹಾಗಾಗಿ ಈ ಸೆಟ್ಟಿಂಗ್ ಕಂಪ್ಯೂಟರಿನಲ್ಲೇ ಇರಬೇಕು. ಈಗ ಸೇವ್ ಒತ್ತಿ.

ಇದಾದ ಮೇಲೂ ಸಿಂಕ್ ಫೋಲ್ಡರನ್ನೇ ನಿಮ್ಮ ಆಲ್ಬಮ್ ಮಾಡಿಕೊಳ್ಳಬೇಡಿ. ತಿಂಗಳಿಗೊಮ್ಮೆ ಅಲ್ಲಿಂದ ಬೇರೊಂದು ಫೋಲ್ಡರಿಗೆ ಕಾಪಿ ಮಾಡಿ, ಕಾಪಿ ಸರಿಯಾಗಿದೆಯೆಂದು ನೋಡಿ, ಆಮೇಲೆ ಫೋನಿನಲ್ಲಿ ಅಳಿಸಿ. ಕಟ್ ಮಾಡಬೇಡಿ. ಸಿಂಕ್ ಫೋಲ್ಡರಿನಿಂದ ಕಟ್ ಮಾಡಿದರೆ ‘ರಿವರ್ಟ್ ಲೋಕಲ್ ಚೇಂಜಸ್’ ಎಂಬ ಬಟನ್ ಬರುತ್ತದೆ. ಅದನ್ನು ಒತ್ತಿದರೆ ಎಲ್ಲವೂ ಫೋನಿನಿಂದ ಮತ್ತೆ ಇಳಿಯುತ್ತದೆ. ಮದುವೆ, ಉಪನಯನದ ಫೋಟೋಗಳಿಗೆ ಹೊರಗಿನ ಹಾರ್ಡ್ ಡಿಸ್ಕಿನಲ್ಲೂ ಒಂದು ಪ್ರತಿ ಇರಲಿ.

ಬಿಲ್ಲು, ದರಪಟ್ಟಿಯಂಥ ಎರಡೂ ಕಡೆ ತಿದ್ದುವ ಫೈಲುಗಳಿಗೆ ‘ಸೆಂಡ್ ಆ್ಯಂಡ್ ರಿಸೀವ್’ ಬಗೆಯ ಬೇರೆ ಫೋಲ್ಡರ್ ಮಾಡಿ. ಸಿಂಕ್ ಆಗುವ ಮೊದಲೇ ಎರಡೂ ಕಡೆ ತಿದ್ದಿದರೆ ಒಂದು ಪ್ರತಿಯ ಹೆಸರಿಗೆ ‘ಸಿಂಕ್-ಕಾನ್‌ಫ್ಲಿಕ್ಟ್’ ಎಂದು ದಿನಾಂಕದೊಡನೆ ಸೇರುತ್ತದೆ. ಎರಡನ್ನೂ ತೆರೆದು ನೋಡಿ ಬೇಕಾದ್ದನ್ನು ಇಟ್ಟುಕೊಳ್ಳಿ. ವಿಂಡೋಸ್‌ನಲ್ಲಿ ಎಕ್ಸೆಲ್ ಫೈಲು ತೆರೆದೇ ಇದ್ದರೆ ಹೊಸ ಪ್ರತಿ ಬಂದು ಕೂರುವುದಿಲ್ಲ, ಮುಚ್ಚಬೇಕು.

ಮೊದಲ ಸಿಂಕ್ ಮತ್ತು ವೇಗ

ಮೊದಲ ಸಲ ಎಲ್ಲ ಹಳೆಯ ಫೋಟೋಗಳೂ ಹೋಗುವುದರಿಂದ ಹೊತ್ತು ಹಿಡಿಯುತ್ತದೆ. 2.4 ಗಿಗಾಹರ್ಟ್ಸ್ ವೈಫೈಯಲ್ಲಿ ನಿಜವಾಗಿ ಸಿಗುವುದು ಸೆಕೆಂಡಿಗೆ ಸುಮಾರು 5 ಎಂಬಿ. 64 ಜಿಬಿ ಸಾಗಲು ಮೂರೂವರೆ ಗಂಟೆ. 5 ಗಿಗಾಹರ್ಟ್ಸ್‌ನಲ್ಲಿ, ಹತ್ತಿರದಲ್ಲಿ, 25 ಎಂಬಿ ಸಿಕ್ಕಿದರೆ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ನಮ್ಮ ಕೆಂಪುಕಲ್ಲಿನ ದಪ್ಪ ಗೋಡೆಗಳು ಇಲ್ಲಿ ಅಡ್ಡ ಬರುತ್ತವೆ. 5 ಗಿಗಾಹರ್ಟ್ಸ್ ಅಲೆ ಅಂಥ ಎರಡು ಗೋಡೆ ದಾಟುವಾಗ ಬಹಳ ಸೋತುಹೋಗುತ್ತದೆ. ಮೊದಲ ಸಿಂಕ್ ರೂಟರ್ ಇರುವ ಕೋಣೆಯಲ್ಲೇ ಮಾಡಿ, ಉಪ್ಪರಿಗೆಯಲ್ಲಿ ಬೇಡ.

ಫೋನು, ಕಂಪ್ಯೂಟರ್ ಎರಡೂ ವೈಫೈಯಲ್ಲಿದ್ದರೆ ಪ್ರತಿ ಫೈಲೂ ಗಾಳಿಯಲ್ಲಿ ಎರಡು ಸಲ ಹೋಗಬೇಕು. ಕಂಪ್ಯೂಟರನ್ನು ಲ್ಯಾನ್ ಕೇಬಲಿನಿಂದ ರೂಟರಿಗೆ ಸೇರಿಸಿದರೆ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆದರೆ ರೂಟರಿನ ಪೋರ್ಟ್ 100 ಎಂಬಿಪಿಎಸ್‌ನದಾಗಿದ್ದರೆ ಸೆಕೆಂಡಿಗೆ 11–12 ಎಂಬಿಗಿಂತ ಮೇಲೆ ಹೋಗುವುದಿಲ್ಲ; ಗಿಗಾಬಿಟ್ ಪೋರ್ಟ್ ಬೇಕು.

ರಾತ್ರಿಯ ಯಕ್ಷಗಾನ, ಕಂಬಳ ಚಿತ್ರೀಕರಿಸುವವರು ಇನ್ನೊಂದು ಲೆಕ್ಕ ಇಟ್ಟುಕೊಳ್ಳಿ. 1080ಪಿ ವಿಡಿಯೋ ಸೆಕೆಂಡಿಗೆ 17 ಮೆಗಾಬಿಟ್ ದರದಲ್ಲಿ ಗಂಟೆಗೆ ಏಳೂವರೆ ಜಿಬಿ ದಾಟುತ್ತದೆ. ಇಳಿಯುವ ಜಾಗ ಫ್ಯಾಟ್32 ಮಾದರಿಯ ಡಿಸ್ಕ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲು ಅದರಲ್ಲಿ ಕೂರುವುದೇ ಇಲ್ಲ. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಇರಲಿ.

ಸಿಂಕ್ ಆಗದಿದ್ದರೆ

ಮೊದಲು ಕಂಪ್ಯೂಟರಿನ ಪುಟದಲ್ಲಿ ಫೋನಿನ ಹೆಸರು ಒತ್ತಿ ಕನೆಕ್ಷನ್ ಟೈಪ್ ನೋಡಿ. ‘ಟಿಸಿಪಿ ಲ್ಯಾನ್’ ಎಂದಿದ್ದರೆ ಸರಿ. ‘ರಿಲೇ ವ್ಯಾನ್’ ಎಂದಿದ್ದರೆ ಮನೆಯೊಳಗೆ ದಾರಿ ಸಿಗದೆ ಫೈಲು ಹೊರಗಿನ ಸರ್ವರ್ ಸುತ್ತಿ ಬರುತ್ತಿದೆ. ಗೂಢಲಿಪಿಯಲ್ಲಿ ಇರುವುದರಿಂದ ನಡುವೆ ಯಾರೂ ಓದಲಾರರು, ಆದರೆ ಬಹಳ ನಿಧಾನ. ಮನೆಯಲ್ಲಷ್ಟೇ ಸಿಂಕ್ ಸಾಕು ಎನ್ನುವವರು ಸೆಟ್ಟಿಂಗ್ಸ್‌ನ ಕನೆಕ್ಷನ್ಸ್ ಭಾಗದಲ್ಲಿ ರಿಲೇಯಿಂಗ್ ಮತ್ತು ಗ್ಲೋಬಲ್ ಡಿಸ್ಕವರಿ ಎರಡನ್ನೂ ತೆಗೆದುಬಿಡಿ.

‘ಡಿಸ್ಕನೆಕ್ಟೆಡ್’ ಎಂದೇ ಇದ್ದರೆ ಫೋನಿನ ವಿಪಿಎನ್ ಆಫ್ ಮಾಡಿ ನೋಡಿ. ಆಮೇಲೆ ಫೈರ್‌ವಾಲ್. ಮೊದಲ ಸಲ ವಿಂಡೋಸ್ ಅನುಮತಿ ಕೇಳಿದಾಗ ಕ್ಯಾನ್ಸಲ್ ಒತ್ತಿದ್ದರೆ ತಡೆ ಹಾಗೇ ಉಳಿದಿರುತ್ತದೆ. ಸಿಂಕ್‌ಥಿಂಗ್ ಫೈಲು ಸಾಗಿಸುವುದು 22000 ಸಂಖ್ಯೆಯ ನೆಟ್‌ವರ್ಕ್ ಪೋರ್ಟಿನಲ್ಲಿ, ಮನೆಯೊಳಗೆ ಹುಡುಕುವುದು ಯುಡಿಪಿ 21027ರಲ್ಲಿ; ಫೈರ್‌ವಾಲಿನಲ್ಲಿ ಎರಡೂ ತೆರೆದಿರಬೇಕು. ಇಷ್ಟಾದರೂ ಕಾಣದಿದ್ದರೆ ಫೋನಿನಲ್ಲಿ ಕಂಪ್ಯೂಟರಿನ ಡಿವೈಸ್ ಸೆಟ್ಟಿಂಗ್ ತೆರೆದು, ಅಡ್ರೆಸ್ ಎಂಬಲ್ಲಿ ‘ಡೈನಾಮಿಕ್’ ಬದಲು ಟಿಸಿಪಿ://192.168.1.20:22000 ಎಂಬಂತೆ ಕೊಡಿ. ಟಿಸಿಪಿಯನ್ನು ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಬರೆಯಬೇಕು, ನಡುವಿನ ಸಂಖ್ಯೆ ನಿಮ್ಮ ಕಂಪ್ಯೂಟರಿನ ಐಪಿ ವಿಳಾಸ. ಕರೆಂಟು ಹೋಗಿ ಬಂದಾಗ ಆ ವಿಳಾಸ ಬದಲಾಗಬಹುದು, ಆದ್ದರಿಂದ ರೂಟರಿನಲ್ಲಿ ಅಡ್ರೆಸ್ ರಿಸರ್ವೇಶನ್ (ಕಂಪ್ಯೂಟರಿಗೆ ಸದಾ ಒಂದೇ ವಿಳಾಸ ಕೊಡುವ ಸೆಟ್ಟಿಂಗ್) ಮಾಡಿಡಿ.

ಎರಡು ದಿನ ಚೆನ್ನಾಗಿ ನಡೆದು ನಿಂತುಹೋದರೆ ಫೋನೇ ಆ್ಯಪ್ ಅನ್ನು ಮಲಗಿಸಿರುತ್ತದೆ. ಶವೊಮಿ, ವಿವೊ, ಒಪ್ಪೊ, ರಿಯಲ್‌ಮಿ ಫೋನುಗಳಲ್ಲಿ ಆಟೋಸ್ಟಾರ್ಟ್ ಅನುಮತಿಯನ್ನು ಬೇರೆಯಾಗಿ ಕೊಡಬೇಕು. ಸ್ಯಾಮ್‌ಸಂಗ್‌ನಲ್ಲಿ ಮಲಗಿಸಬಾರದ ಆ್ಯಪ್‌ಗಳ ಪಟ್ಟಿಗೆ ಸೇರಿಸಬೇಕು.

‘ಫೋಲ್ಡರ್ ಮಾರ್ಕರ್ ಮಿಸ್ಸಿಂಗ್’ ಎಂದು ಬಂದರೆ, ಫೋನಿನ ಯಾವುದೋ ಕ್ಲೀನರ್ ಆ್ಯಪ್ ಎಸ್‌ಟಿಫೋಲ್ಡರ್ ಎಂಬ, ಚುಕ್ಕಿಯಿಂದ ಶುರುವಾಗುವ ಗುರುತಿನ ಫೋಲ್ಡರನ್ನು ಕಸವೆಂದು ತೆಗೆದಿರುವ ಸಾಧ್ಯತೆ ಹೆಚ್ಚು. ಇದು ಒಳ್ಳೆಯ ಎಚ್ಚರಿಕೆ: ಡಿಸ್ಕ್ ಕಳಚಿಕೊಂಡಾಗ ಎಲ್ಲ ಫೈಲೂ ಅಳಿಸಿಹೋಗಿದೆ ಎಂದು ಸಿಂಕ್‌ಥಿಂಗ್ ತಪ್ಪು ತಿಳಿಯದಿರಲೆಂದೇ ಈ ಗುರುತು ಇದೆ. ಫೋಟೋಗಳು ಜಾಗದಲ್ಲೇ ಇವೆಯೆಂದು ನೋಡಿಕೊಂಡು ಆ ಫೋಲ್ಡರನ್ನು ಮತ್ತೆ ಮಾಡಿ, ಕ್ಲೀನರನ್ನು ತೆಗೆಯಿರಿ. ಒಂದೇ ಒಂದು ಫೈಲು ಮಾತ್ರ ಹೋಗುತ್ತಿಲ್ಲವೆಂದರೆ ಅದರ ಹೆಸರು ನೋಡಿ. ಕೋಲನ್, ಪ್ರಶ್ನಾರ್ಥಕ ಚಿಹ್ನೆ ಇರುವ ಹೆಸರನ್ನು ವಿಂಡೋಸ್ ಒಪ್ಪುವುದಿಲ್ಲ. ಕನ್ನಡ ಹೆಸರಿಗೆ ತೊಂದರೆಯಿಲ್ಲ.

ರೂಟರ್ ಇಲ್ಲದಲ್ಲಿ

ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಲ್ಯಾಪ್‌ಟಾಪನ್ನು ಅದಕ್ಕೆ ಸೇರಿಸಿ. ಮೊಬೈಲ್ ಡೇಟಾ ಆಫ್ ಮಾಡಿಡಿ, ಇಲ್ಲದಿದ್ದರೆ ಲ್ಯಾಪ್‌ಟಾಪ್ ತನ್ನ ಅಪ್‌ಡೇಟ್‌ಗಳಿಗೆ ಅದನ್ನು ಖಾಲಿ ಮಾಡುತ್ತದೆ. ತಾನೇ ಹಾಟ್‌ಸ್ಪಾಟ್ ಆದಾಗ ಫೋನು ವೈಫೈಯಲ್ಲಿ ಇದೆಯೆಂದು ಆ್ಯಪ್ ಎಣಿಸುವುದಿಲ್ಲ, ಸಿಂಕ್ ಶುರುವಾಗುವುದಿಲ್ಲ. ಆ್ಯಪಿನಲ್ಲಿ ‘ಫೋರ್ಸ್ ಸ್ಟಾರ್ಟ್’ ಆರಿಸಿ, ಕೆಲಸ ಮುಗಿದ ಮೇಲೆ ಮೊದಲಿನಂತೆ ಮಾಡಿ.

ಫೋನು ಬದಲಿಸುವಾಗ

ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಡುವ ಮುನ್ನ ಕಂಪ್ಯೂಟರಿನಲ್ಲಿ ‘ಅಪ್ ಟು ಡೇಟ್’ ಎಂದು ಬರುವವರೆಗೆ ಕಾದು, ಅಲ್ಲಿಂದ ಆ ಡಿವೈಸನ್ನು ತೆಗೆದುಹಾಕಿ. ಫೋನನ್ನು ಖಾಲಿ ಮಾಡುವುದು ಅದರ ನಂತರ. ಹೊಸ ಫೋನಿಗೆ ಹಳೆಯ ಫೋಲ್ಡರನ್ನೇ ಜೋಡಿಸಬೇಡಿ. ಖಾಲಿ ಕ್ಯಾಮೆರಾ ಫೋಲ್ಡರನ್ನು ಹಳೆಯ ಫೋಲ್ಡರ್ ಐಡಿಗೆ (ಎರಡೂ ಕಡೆಯ ಫೋಲ್ಡರನ್ನು ಒಂದೇ ಎಂದು ಗುರುತಿಸುವ ಸಂಕೇತ) ಸೇರಿಸಿದರೆ ಫೋನಿನಲ್ಲಿ ‘ಓವರ್‌ರೈಡ್ ಚೇಂಜಸ್’ ಎಂಬ ಬಟನ್ ಬರುತ್ತದೆ, ಅದನ್ನು ಒತ್ತಿದರೆ ಕಂಪ್ಯೂಟರಿನ ಫೋಲ್ಡರೂ ಖಾಲಿಯಾಗುತ್ತದೆ. ಹೊಸ ಐಡಿ, ಹೊಸ ಹೆಸರು, ಕಂಪ್ಯೂಟರಿನಲ್ಲೂ ಹೊಸ ಜಾಗ ಕೊಡಿ. ವರ್ಷನಿಂಗನ್ನು ಆ ಹೊಸ ಫೋಲ್ಡರಿಗೂ ಮತ್ತೆ ಆನ್ ಮಾಡಬೇಕು.