ಎಕ್ಸಾಡೇಟಾಕ್ಕೆ ಸಾಗಿದ ವರದಿ ಡೇಟಾಬೇಸ್: ನನ್ನ ಅನುಭವ

ನಮ್ಮ ಸಂಸ್ಥೆಯ ವರದಿ ಡೇಟಾಬೇಸನ್ನು ಹಳೆಯ ಸರ್ವರ್ ಮತ್ತು ಸ್ಯಾನ್ (ಜಾಲದ ಮೂಲಕ ಸರ್ವರ್‌ಗಳು ಹಂಚಿಕೊಳ್ಳುವ) ಸ್ಟೋರೇಜ್‌ನಿಂದ ವೈಟ್‌ಫೀಲ್ಡಿನ ಡೇಟಾ ಸೆಂಟರ್‌ನಲ್ಲಿದ್ದ ಎಕ್ಸಾಡೇಟಾಕ್ಕೆ, ಅಂದರೆ ಸರ್ವರ್ ಮತ್ತು ಸ್ಟೋರೇಜ್ ಒಟ್ಟಿಗೇ ಇರುವ ಒರೇಕಲ್ ಕಂಪನಿಯ ಡೇಟಾಬೇಸ್ ಯಂತ್ರಕ್ಕೆ, ಸಾಗಿಸುವ ಹೊಣೆ ನನ್ನದಾಗಿತ್ತು. ಬಂದದ್ದು ಕ್ವಾರ್ಟರ್ ರ‍್ಯಾಕ್: ಎರಡು ಡೇಟಾಬೇಸ್ ಸರ್ವರ್, ಮೂರು ಸ್ಟೋರೇಜ್ ಸೆಲ್ (ಡೇಟಾ ಇಡುವ ಸರ್ವರ್), ನಡುವೆ ಸೆಕೆಂಡಿಗೆ 40 ಗಿಗಾಬಿಟ್‌ನ ಇನ್ಫಿನಿಬ್ಯಾಂಡ್ ಜಾಲ. (2019ರ ಎಕ್ಸ್8ಎಂ ಮಾದರಿಯಿಂದ ಆ ಜಾಗಕ್ಕೆ 100 ಗಿಗಾಬಿಟ್‌ನ ಈಥರ್ನೆಟ್ ಜಾಲ ಬಂದಿದೆ.) ಜಾಲದ ವೇಗವೇ ಎಲ್ಲವನ್ನೂ ಸರಿಪಡಿಸುತ್ತದೆ ಎಂದು ಮೇಲಧಿಕಾರಿಗಳು ನಂಬಿದ್ದರು. ಆದರೆ ಈ ವ್ಯವಸ್ಥೆ ಗೆಲ್ಲುವುದು ಸಾಗಿಸಬೇಕಾದ ಡೇಟಾವನ್ನೇ ತಗ್ಗಿಸುವುದರಿಂದ.

ಸಾಮಾನ್ಯ ಸ್ಟೋರೇಜ್ ಕೇಳಿದ ಬ್ಲಾಕುಗಳನ್ನು ಇದ್ದಂತೆಯೇ ಕಳಿಸಿಬಿಡುತ್ತದೆ. ಎಕ್ಸಾಡೇಟಾದ ಸೆಲ್‌ಗೆ ತನ್ನದೇ ಪ್ರೊಸೆಸರ್ ಇದ್ದು, ಕ್ವೆರಿಯ ಷರತ್ತನ್ನು ಅದು ತಾನೇ ಪರೀಕ್ಷಿಸಿ, ಕಣದಲ್ಲೇ ರಾಗಿ ತೂರಿ ಕಾಳನ್ನಷ್ಟೇ ಮನೆಗೆ ತರುವ ಹಾಗೆ, ಬೇಕಾದ ಸಾಲು ಮತ್ತು ಕಾಲಂಗಳನ್ನು ಮಾತ್ರ ಮೇಲಕ್ಕೆ ಕಳಿಸುತ್ತದೆ. ಇದೇ ಸ್ಮಾರ್ಟ್ ಸ್ಕ್ಯಾನ್. ಅದು ನಡೆಯಬೇಕಾದರೆ ಟೇಬಲನ್ನೋ ಇಂಡೆಕ್ಸನ್ನೋ (ಸಾಲುಗಳನ್ನು ಬೇಗ ಹುಡುಕಲು ಕಟ್ಟಿದ ಸೂಚಿಯನ್ನೋ) ಪೂರ್ತಿಯಾಗಿ, ಅದೂ ಬಫರ್ ಕ್ಯಾಶ್ (ಓದಿದ ಬ್ಲಾಕುಗಳನ್ನು ಡೇಟಾಬೇಸ್ ಸರ್ವರ್ ತನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಬಿಟ್ಟು ನೇರವಾಗಿ ಓದುವಂತಿರಬೇಕು. ಹಳೆಯ ಯಂತ್ರಕ್ಕೆಂದು ವರ್ಷಗಟ್ಟಲೆ ಕಟ್ಟಿದ್ದ ಇಂಡೆಕ್ಸುಗಳು ಇಲ್ಲಿ ಅಡ್ಡಿಯಾದವು. ಕ್ವೆರಿ ನಡೆಸುವ ದಾರಿಯನ್ನು ತೀರ್ಮಾನಿಸುವ ಆಪ್ಟಿಮೈಜರ್ ಅವುಗಳನ್ನೇ ಆರಿಸಿಕೊಂಡು ಒಂದೊಂದೇ ಬ್ಲಾಕ್ ತರಿಸುತ್ತಿತ್ತು. ಪ್ರೈಮರಿ ಕೀಗಳನ್ನು ಮುಟ್ಟದೆ, ವರದಿಗಳಿಗೆ ಮಾತ್ರ ಬಳಕೆಯಾಗುತ್ತಿದ್ದ ಇಂಡೆಕ್ಸುಗಳನ್ನು ಇನ್‌ವಿಸಿಬಲ್ ಮಾಡಿದೆ, ಅಂದರೆ ಅಳಿಸದೆ ಆಪ್ಟಿಮೈಜರ್ ಕಣ್ಣಿಗೆ ಬೀಳದಂತೆ ಮರೆಮಾಡಿದೆ. ಡ್ರಾಪ್ ಮಾಡಿದ್ದರೆ, ತಿಂಗಳ ಕೊನೆಯ ವರದಿಯೊಂದು ನಿಧಾನವಾದಾಗ ಅದಕ್ಕೆ ಬೇಕಾದ ಇಂಡೆಕ್ಸನ್ನು ಮತ್ತೆ ಕಟ್ಟುತ್ತ ಕೂರಬೇಕಾಗುತ್ತಿತ್ತು.

ಕ್ವೆರಿ ನಡೆಯುವ ದಾರಿಯನ್ನು ತೋರಿಸುವ ಎಕ್ಸಿಕ್ಯೂಷನ್ ಪ್ಲಾನಿನಲ್ಲಿ ‘ಟೇಬಲ್ ಆಕ್ಸೆಸ್ ಸ್ಟೋರೇಜ್ ಫುಲ್’ ಎಂದು ಕಂಡ ಮಾತ್ರಕ್ಕೆ ಸ್ಮಾರ್ಟ್ ಸ್ಕ್ಯಾನ್ ನಡೆಯಿತು ಎನ್ನಲಾಗದು. ನೇರ ಓದಿನ ತೀರ್ಮಾನವಾಗುವುದು ಕ್ವೆರಿ ಓಡುವಾಗ, ಟೇಬಲಿನ ಗಾತ್ರವನ್ನು ಬಫರ್ ಕ್ಯಾಶ್ ಜೊತೆ ಹೋಲಿಸಿ. ಆದ್ದರಿಂದ ನಾನು ಗಡಿಯಾರಕ್ಕಿಂತ ಎರಡು ಅಂಕಿಗಳನ್ನು ನೆಚ್ಚಿಕೊಂಡೆ: ಆಫ್‌ಲೋಡ್‌ಗೆ (ಸೋಸುವ ಕೆಲಸವನ್ನು ಸೆಲ್‌ಗೆ ವಹಿಸುವುದಕ್ಕೆ) ಅರ್ಹವಾದ ಬೈಟ್‌ಗಳೆಷ್ಟು, ಸ್ಮಾರ್ಟ್ ಸ್ಕ್ಯಾನ್ ಮುಗಿಸಿ ಜಾಲದ ಮೇಲೆ ಬಂದ ಬೈಟ್‌ಗಳೆಷ್ಟು. ಎರಡೂ ಹತ್ತಿರ ಹತ್ತಿರ ಇದ್ದ ಕ್ವೆರಿಗಳಲ್ಲಿ ಹಲವು, ವೇರ್ ಷರತ್ತಿನಲ್ಲಿ ನಮ್ಮವರೇ ಒರೇಕಲ್‌ನ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಪಿಎಲ್/ಎಸ್‌ಕ್ಯೂಎಲ್ ಫಂಕ್ಷನ್ ಇಟ್ಟುಕೊಂಡಿದ್ದವು. ಅಂಥ ಫಂಕ್ಷನ್ನನ್ನು ಸೆಲ್ ನಡೆಸಲಾರದು. ಷರತ್ತನ್ನು ಸಾದಾ ಎಸ್‌ಕ್ಯೂಎಲ್‌ನಲ್ಲಿ ತಿರುಗಿ ಬರೆದ ಮೇಲೆ ಸೋಸುವ ಕೆಲಸ ಕೆಳಕ್ಕಿಳಿಯಿತು.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಸ್ಟೋರೇಜ್ ಇಂಡೆಕ್ಸ್. ಡಿಸ್ಕಿನ ಪ್ರತಿ 1 ಮೆಗಾಬೈಟ್ ಭಾಗದಲ್ಲಿರುವ ಕಾಲಂನ ಕನಿಷ್ಠ, ಗರಿಷ್ಠ ಮೌಲ್ಯಗಳನ್ನು ಸೆಲ್ ತನ್ನ ಮೆಮೊರಿಯಲ್ಲಿ ಇಟ್ಟುಕೊಂಡು, ಹೊಂದದ ಭಾಗವನ್ನು ಓದದೆಯೇ ದಾಟುತ್ತದೆ. ಡೇಟಾ ಚೆಲ್ಲಾಪಿಲ್ಲಿಯಾಗಿದ್ದರೆ ಎಲ್ಲ ಭಾಗಗಳಲ್ಲೂ ಎಲ್ಲ ದಿನಾಂಕಗಳಿದ್ದು ಅದು ನಿಷ್ಪ್ರಯೋಜಕ. ರಾತ್ರಿಯ ಲೋಡನ್ನು ವ್ಯವಹಾರದ ದಿನಾಂಕದ ಕ್ರಮದಲ್ಲಿ ನಡೆಸಿದ್ದರಿಂದ ಬಂದ ಲಾಭ, ಯಾವ ಪ್ಯಾರಾಮೀಟರ್ ಬದಲಾವಣೆಯಿಂದಲೂ ಬರಲಿಲ್ಲ.

ಲೆಕ್ಕ ಮುಗಿದ ತಿಂಗಳುಗಳ ಪಾರ್ಟಿಷನ್‌ಗಳಿಗೆ (ಟೇಬಲಿನ ಪ್ರತ್ಯೇಕ ಭಾಗಗಳಿಗೆ) ಮಾತ್ರ ಹೈಬ್ರಿಡ್ ಕಾಲಮ್ನಾರ್ ಕಂಪ್ರೆಷನ್ (ಸಾಲುಗಳ ಗುಂಪನ್ನು ಕಾಲಂವಾರು ಜೋಡಿಸಿ ಕುಗ್ಗಿಸುವ ವಿಧಾನ) ಬಳಸಿದೆ. ಅಲ್ಲಿ ಒಂದು ಸಾಲನ್ನು ತಿದ್ದಿದರೂ ಸಾಮಾನ್ಯವಾಗಿ ಆ ಇಡೀ ಗುಂಪು, ಅಂದರೆ ಕಂಪ್ರೆಷನ್ ಯೂನಿಟ್, ಲಾಕ್ ಆಗುತ್ತದೆ.

ಒಂದೊಂದೇ ಸಾಲು ಹುಡುಕುವ ಪರದೆಗಳಿಗೆ ಸ್ಮಾರ್ಟ್ ಸ್ಕ್ಯಾನ್‌ನಿಂದ ಉಪಯೋಗವಿಲ್ಲ. ಅಲ್ಲಿ ನೆರವಾಗುವುದು ಇಂಡೆಕ್ಸ್ ಮತ್ತು ಫ್ಲ್ಯಾಶ್ ಕ್ಯಾಶ್ (ಪದೇ ಪದೇ ಬೇಕಾಗುವ ಡೇಟಾವನ್ನು ಸೆಲ್ ಇಟ್ಟುಕೊಳ್ಳುವ ವೇಗದ ಫ್ಲ್ಯಾಶ್). ಈಗ ಡೆವಲಪರ್‌ಗಳು ಹೊಸ ಇಂಡೆಕ್ಸ್ ಕೇಳಿದರೆ, ಕ್ವೆರಿ ಟೇಬಲನ್ನು ಪೂರ್ತಿ ಓದುವಂಥದೋ ಒಂದೊಂದೇ ಸಾಲು ಹುಡುಕುವಂಥದೋ ಎಂದು ನೋಡಿ, ಬೈಟ್‌ಗಳ ಆ ಎರಡು ಅಂಕಿಗಳನ್ನು ಮುಂದಿಟ್ಟ ಮೇಲೆಯೇ ನಾವು ಮಾತಿಗೆ ಕೂರುತ್ತೇವೆ.