ಗಿಟಾರ್ ತೆಳ್ಳಗಿದೆ ಎಂದರು, ಕೊರತೆ ಇದ್ದದ್ದು ಬೇಸ್‌ನಲ್ಲಿ

ಮೂರು ವಾರ ಕುಳಿತು ಮಾಡಿದ ಮಿಕ್ಸ್ ಅನ್ನು, ಅಂದರೆ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿದ ವಾದ್ಯಗಳನ್ನು ಹದವಾಗಿ ಬೆರೆಸಿದ ಹಾಡನ್ನು, ಮೊದಲ ಬಾರಿಗೆ ಹೊರಗಿನವರಿಗೆ ಕೇಳಿಸಿದಾಗ ಬಂದ ಉತ್ತರ ಎರಡೇ ಪದಗಳದ್ದು: "ಗಿಟಾರ್ ತೆಳ್ಳಗಿದೆ." ನಮ್ಮದು ನಾಲ್ವರ ಹೆವಿ ಮೆಟಲ್ ಬ್ಯಾಂಡ್. ಗಿಟಾರ್ ನುಡಿಸುವವನು ನಾನು, ರೆಕಾರ್ಡಿಂಗ್ ಮತ್ತು ಮಿಕ್ಸಿಂಗ್ ಮಾಡುವವನೂ ನಾನೇ. ಹಾಗಾಗಿ ಆ ಮಾತು ಎರಡು ಕಡೆ ನಾಟಿತು.

ಮುಂದಿನ ಎರಡು ದಿನ ಗಿಟಾರ್ ಮೇಲೆಯೇ ಬಿದ್ದೆ. 200 ಹರ್ಟ್ಸ್ ಆಸುಪಾಸನ್ನು ನಾಲ್ಕು ಡೆಸಿಬೆಲ್ ಎತ್ತಿದೆ. ಎಡಕ್ಕೊಂದು ಬಲಕ್ಕೊಂದು ಇದ್ದ ಗಿಟಾರ್‌ಗಳಿಗೆ ಇನ್ನೆರಡು ಪದರ ನುಡಿಸಿ ಸೇರಿಸಿದೆ. ಆಂಪ್‌ನ ಗೇನ್, ಅಂದರೆ ಸದ್ದನ್ನು ಒರಟಾಗಿಸುವ ಮಟ್ಟ, ಏರಿಸಿದೆ. ಹಾಡು ಭಾರವಾಗಲಿಲ್ಲ, ರಾಡಿಯಾಯಿತು. ಅಂಗೈ ಅಂಚನ್ನು ತಂತಿಯ ಮೇಲೆ ಒತ್ತಿ ನುಡಿಸುವ ಪಾಮ್ ಮ್ಯೂಟ್ ಮಾಡಿದಲ್ಲೆಲ್ಲ ಗುಂಯ್‌ಗುಡುವ ಮುದ್ದೆ ಎದ್ದು ಕಿಕ್ ಡ್ರಮ್ ಅದರೊಳಗೆ ಹೂತುಹೋಯಿತು.

ಆಮೇಲೆ ಕೇಳಿಸಿದ್ದು ಬಹಳ ವರ್ಷಗಳಿಂದ ಇದೇ ಬಗೆಯ ಸಂಗೀತವನ್ನು ಮಿಕ್ಸ್ ಮಾಡುತ್ತಿರುವ ಒಬ್ಬರಿಗೆ. ಅವರು ಗಿಟಾರ್ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. "ಬೇಸ್ ಅನ್ನು ಮ್ಯೂಟ್ ಮಾಡಿ ಕೇಳಿ" ಎಂದರಷ್ಟೆ. ಮಾಡಿದೆ. ಕೆಳಸ್ವರಗಳನ್ನು ನುಡಿಸುವ ಬೇಸ್ ಗಿಟಾರ್ ಪೂರ್ತಿ ನಿಂತರೂ ಹಾಡಿನಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಒಂದು ಇಡೀ ವಾದ್ಯ ಎದ್ದುಹೋದರೂ ಹಾಡು ಇದ್ದಂತೆಯೇ ಇದೆ ಎಂದರೆ ಆ ವಾದ್ಯ ಅಲ್ಲಿಯವರೆಗೆ ಕೆಲಸವನ್ನೇ ಮಾಡುತ್ತಿರಲಿಲ್ಲ ಎಂದರ್ಥ.

ಹೆವಿ ಹಾಡಿನಲ್ಲಿ ನಾವು ಗಿಟಾರ್‌ನ ತೂಕ ಎಂದುಕೊಳ್ಳುವುದರಲ್ಲಿ ದೊಡ್ಡ ಪಾಲು ಬೇಸ್‌ನದು. ನಮ್ಮದು ಡ್ರಾಪ್ ಸಿ ಶ್ರುತಿ, ಅಂದರೆ ತಂತಿಗಳನ್ನು ಮಾಮೂಲಿಗಿಂತ ಕೆಳಗೆ ಇಳಿಸಿದ್ದು. ಗಿಟಾರ್‌ನ ಅತಿ ದಪ್ಪ ತಂತಿ ಸುಮಾರು 65 ಹರ್ಟ್ಸ್‌ನಲ್ಲಿ ಮಿಡಿದರೆ ಬೇಸ್ ಅದಕ್ಕೂ ಒಂದು ಸಪ್ತಕ ಕೆಳಗೆ, 33 ಹರ್ಟ್ಸ್ ಹತ್ತಿರ ಇರುತ್ತದೆ. ಸಣ್ಣ ಸ್ಪೀಕರ್‌ಗಳಲ್ಲಿ ಆ ಮೂಲ ಆವರ್ತನ ಹೊರಗೇ ಬರುವುದಿಲ್ಲ. ಅದರ ಎರಡು ಪಟ್ಟು, ಮೂರು ಪಟ್ಟು ಆವರ್ತನದಲ್ಲಿ ಜೊತೆಗೇ ಮಿಡಿಯುವ ಹಾರ್ಮೋನಿಕ್‌ಗಳನ್ನು ಕೇಳಿ ನಮ್ಮ ಕಿವಿ ಕೆಳಗಿನ ಸ್ವರವನ್ನು ಊಹಿಸಿಕೊಳ್ಳುತ್ತದೆ. ನಾನು ಇಟ್ಟಿದ್ದ ಬೇಸ್ ದುಂಡಗೆ, ನಯವಾಗಿ ಇತ್ತು. ಊಹಿಸಿಕೊಳ್ಳಲು ಅದರಲ್ಲಿ ಏನೂ ಇರಲಿಲ್ಲ.

ಆದ್ದರಿಂದ ಬೇಸ್ ಅನ್ನು ಎರಡಾಗಿ ಸೀಳಿದೆ. ಒಂದರಲ್ಲಿ 200 ಹರ್ಟ್ಸ್‌ಗಿಂತ ಕೆಳಗಿನದನ್ನು ಮಾತ್ರ ಉಳಿಸಿ, ಒಂದು ಸ್ವರ ಜೋರು ಇನ್ನೊಂದು ಮೆಲ್ಲಗೆ ಆಗದಂತೆ ಕಂಪ್ರೆಸರ್‌ನಿಂದ ಬಿಗಿಯಾಗಿ ಹಿಡಿದೆ. ಇನ್ನೊಂದರಲ್ಲಿ ಆ ಕೆಳಭಾಗವನ್ನು ಕತ್ತರಿಸಿ ಉಳಿದದ್ದಕ್ಕೆ ಸದ್ದನ್ನು ಒರಟಾಗಿಸುವ ಡಿಸ್ಟಾರ್ಶನ್ ಕೊಟ್ಟೆ. ಅದನ್ನು ಒಂಟಿಯಾಗಿ ಕೇಳಿದರೆ ಕರ್ಕಶ. ಗಿಟಾರ್‌ಗಳ ಜೊತೆ ಸೇರಿಸಿದಾಗ ಮಾತ್ರ ಆ ಗುರುಗುಟ್ಟುವಿಕೆ ಗಿಟಾರ್‌ನದೇ ಎನಿಸುತ್ತದೆ. ನಂತರ ಗಿಟಾರ್‌ಗಳಲ್ಲಿ 90 ಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆದುಹಾಕಿದೆ. ಗಿಟಾರ್‌ನಿಂದ ಕಳೆದಷ್ಟೂ ಗಿಟಾರ್ ದಪ್ಪಗಾಗುತ್ತಾ ಬಂತು. ಎಷ್ಟು ಓದಿದ್ದರೂ ಅದನ್ನು ನನ್ನ ಕಿವಿಯಿಂದಲೇ ಕೇಳುವವರೆಗೆ ನಂಬಿರಲಿಲ್ಲ.

ಗೇನ್ ವಿಷಯದಲ್ಲೂ ಹಾಗೆಯೇ. ಡಿಸ್ಟಾರ್ಶನ್ ಹೆಚ್ಚಿದಷ್ಟೂ ಧ್ವನಿಯ ಏರಿಳಿತ ಚಪ್ಪಟೆಯಾಗಿ, ಪ್ಲೆಕ್ಟ್ರಮ್ ತಂತಿಗೆ ತಾಗುವ ಮೊದಲ ಪೆಟ್ಟು ಸವೆದುಹೋಗುತ್ತದೆ. ಆ ಪೆಟ್ಟೇ ಇಲ್ಲದಿದ್ದರೆ ರಿಫ್‌ಗೆ, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ಸ್ವರಗುಚ್ಛಕ್ಕೆ, ಹಲ್ಲಿಲ್ಲ. ಆಂಪ್‌ಗೆ ಹೋಗುವ ಮೊದಲಿನ ಶುದ್ಧ ಸಿಗ್ನಲ್ ಅನ್ನು ಡಿಐ ಬಾಕ್ಸ್ ಮೂಲಕ ಬೇರೆ ಟ್ರ್ಯಾಕ್‌ನಲ್ಲಿ ಉಳಿಸಿಕೊಂಡಿದ್ದೆ. ಅದನ್ನೇ ಮತ್ತೆ ಆಂಪ್‌ಗೆ ಕಳುಹಿಸಿ, ವೇದಿಕೆಯಲ್ಲಿ ಇಡುವುದಕ್ಕಿಂತ ಬಹಳ ಕಡಿಮೆ ಗೇನ್‌ನಲ್ಲಿ, ಮೈಕ್ ಅನ್ನು ಸ್ಪೀಕರ್‌ನ ನಡುಬಿಂದುವಿನಿಂದ ಸ್ವಲ್ಪ ಅಂಚಿಗೆ ಸರಿಸಿ ರೆಕಾರ್ಡ್ ಮಾಡಿದೆ. ಗೇನ್ ಇಳಿದ ಕೂಡಲೇ ನನ್ನ ನುಡಿಸುವಿಕೆಯ ಸಡಿಲ ಜಾಗಗಳು ಬಯಲಾದವು. ಎರಡನೆಯ ಚರಣದ ರಿಫ್ ಅನ್ನು ತಂತಿ ಬದಲಿಸಿ, ಪ್ರತಿ ಟೇಕ್‌ಗೂ ಮುನ್ನ ಶ್ರುತಿ ನೋಡಿಕೊಂಡು, ಎಡ ಬಲ ಎರಡನ್ನೂ ಬೇರೆ ಬೇರೆಯಾಗಿ ಹೊಸದಾಗಿ ನುಡಿಸಬೇಕಾಯಿತು. ಒಂದೇ ಟೇಕ್ ಅನ್ನು ನಕಲು ಮಾಡಿ ಎರಡು ಬದಿಗೆ ಇಟ್ಟರೆ ಅಗಲ ಸಿಗುವುದಿಲ್ಲ. ಅದು ನಡುವಿನಲ್ಲೇ ನಿಂತು ಸದ್ದಷ್ಟೇ ಹೆಚ್ಚುತ್ತದೆ. ಎರಡು ದಿನ ಕಷ್ಟಪಟ್ಟು ಸೇರಿಸಿದ್ದ ಹೆಚ್ಚುವರಿ ಪದರಗಳನ್ನು ಅಳಿಸಿಹಾಕಿದೆ.

ಎರಡನೆಯ ಸುತ್ತಿನಲ್ಲಿ ಎಲ್ಲರೂ ಹೊಸ ಮಿಕ್ಸ್ ಚೆನ್ನಾಗಿದೆ ಎಂದರು. ಆದರೆ ಹೊಸ ಫೈಲ್ ಹಳೆಯದಕ್ಕಿಂತ ಸುಮಾರು ಎರಡು ಡೆಸಿಬೆಲ್ ಜೋರಾಗಿತ್ತು. ಕಿವಿಗೆ ಜೋರಾದದ್ದು ಒಳ್ಳೆಯದೆಂದೇ ಕೇಳಿಸುತ್ತದೆ. ಇದಕ್ಕೆ ಸೇರಿದ ಇನ್ನೊಂದು ಸಂಗತಿಯನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು: ಸದ್ದು ಕಡಿಮೆಯಾದಾಗ ಕೆಳಗಿನ ಆವರ್ತನಗಳು ಉಳಿದವುಗಳಿಗಿಂತ ಬೇಗ ಕಿವಿಯಿಂದ ಜಾರುತ್ತವೆ. ಎರಡೂ ಫೈಲ್‌ಗಳನ್ನು ಸಮ ಸದ್ದಿಗೆ ತಂದು, ಯಾವುದು ಹಳೆಯದು ಎಂದು ತಿಳಿಯದ ಹಾಗೆ ಹೆಸರಿಟ್ಟು ಮತ್ತೆ ಕಳುಹಿಸಿದೆ. ಗಿಟಾರ್ ಮತ್ತು ಬೇಸ್‌ನಲ್ಲಿ ಹೊಸದೇ ಗೆದ್ದಿತು. ಆದರೆ ಕೇಳಿದ ಮೂವರಲ್ಲಿ ಇಬ್ಬರು ಹಳೆಯ ಸ್ನೇರ್ ಡ್ರಮ್‌ನ ಸದ್ದೇ ಬೇಕೆಂದರು. ಅದನ್ನು ಹಾಗೆಯೇ ವಾಪಸು ತಂದೆ.

ಬ್ಯಾಂಡಿನವರ ಅಭಿಪ್ರಾಯವನ್ನು ಕೊನೆಗೆ ಕೇಳುವುದು ಒಳ್ಳೆಯದು ಎಂಬುದು ನನ್ನ ಅನಿಸಿಕೆ. ಪ್ರತಿಯೊಬ್ಬರೂ ಮೊದಲು ತಮ್ಮ ವಾದ್ಯವನ್ನೇ ಹುಡುಕುತ್ತಾರೆ. ನಮ್ಮ ಗಾಯಕ ಮಾತ್ರ ತನ್ನ ದನಿಯನ್ನು ಇಳಿಸು ಎಂದ. ಅದೇ ದಿನ ಹೆವಿ ಸಂಗೀತ ಕೇಳುವ ಅಭ್ಯಾಸವಿಲ್ಲದ ಗೆಳತಿಯೊಬ್ಬಳು ಹಾಡಿನ ಮಾತು ಕೇಳಿಸುತ್ತಿಲ್ಲ ಎಂದಿದ್ದಳು. ಯಾರ ಮಾತು ಸರಿ ಎಂದು ವಾದಿಸುವ ಬದಲು ಅವಳ ಕೈಗೆ ಕಾಗದ ಕೊಟ್ಟು, ಕೇಳಿಸಿದ ಸಾಹಿತ್ಯವನ್ನು ಹಾಗೆಯೇ ಬರೆಯಲು ಹೇಳಿದೆ. ಅಭಿಪ್ರಾಯ ಕೇಳುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಇದುವರೆಗೆ ಸಿಕ್ಕಿಲ್ಲ. "ಹೇಗಿದೆ?" ಎಂದು ಕೇಳಿದರೆ ಜನ ನಮ್ಮ ಮುಖ ನೋಡಿ ಉತ್ತರಿಸುತ್ತಾರೆ. ಕಾಗದದ ಮೇಲಿನ ಖಾಲಿ ಜಾಗಕ್ಕೆ ಆ ದಾಕ್ಷಿಣ್ಯವಿಲ್ಲ.

ಅವಳ ಹಾಳೆಯಲ್ಲಿ ಮೂರು ಕಡೆ ಖಾಲಿ ಇತ್ತು. ಎರಡು ಕಡೆ ಗಿಟಾರ್ ಅಡ್ಡ ನಿಂತಿತ್ತು. 3 ಕಿಲೋಹರ್ಟ್ಸ್ ಸುತ್ತಮುತ್ತ ನಮ್ಮ ಕಿವಿ ಅತಿ ಚುರುಕು. ವ್ಯಂಜನಗಳ ಸ್ಪಷ್ಟತೆ ಇರುವುದೂ ಬಹುಪಾಲು ಅಲ್ಲೇ, ಡಿಸ್ಟಾರ್ಶನ್‌ನ ಕಚ್ಚುವಿಕೆ ಇರುವುದೂ ಅಲ್ಲೇ. ದನಿಯನ್ನು ಎತ್ತಲಿಲ್ಲ. ದನಿ ಇರುವಷ್ಟು ಹೊತ್ತು ಮಾತ್ರ ಗಿಟಾರ್‌ಗಳಲ್ಲಿ ಆ ಜಾಗವನ್ನು ಎರಡು ಡೆಸಿಬೆಲ್ ತಗ್ಗಿಸಿದೆ. ಗಾಯಕನಿಗೂ ಸಮಾಧಾನವಾಯಿತು.

ಮೂರನೆಯ ಜಾಗ ಪಲ್ಲವಿಯ ಕೊನೆಯ ಸಾಲು. ಅಲ್ಲಿ ಪ್ರತಿ ತಾಳಕ್ಕೂ ಕ್ರ್ಯಾಶ್ ಸಿಂಬಲ್ ಬಿದ್ದಿದೆ. ಡ್ರಮ್‌ಗಳ ಮೇಲ್ಗಡೆ ಇಟ್ಟ ಓವರ್‌ಹೆಡ್ ಮೈಕ್‌ಗಳ ಸದ್ದನ್ನು ಇಳಿಸಿದರೆ ಸ್ನೇರ್ ಬಡಕಲಾಗುತ್ತದೆ, ಇಳಿಸದಿದ್ದರೆ ಸಾಲು ಕೇಳಿಸುವುದಿಲ್ಲ. ದನಿಗೆ ಹಾಕಿದ್ದ ಮೈಕ್ ಆಗಲಿ ಆವರ್ತನಗಳನ್ನು ಏರಿಳಿಸುವ ಯಾವ ಇಕ್ಯೂ ಆಗಲಿ ಅದನ್ನು ಸರಿಮಾಡಲಿಲ್ಲ, ಏಕೆಂದರೆ ತೊಂದರೆ ಇರುವುದು ಹಾಡನ್ನು ಕಟ್ಟಿದ ರೀತಿಯಲ್ಲಿ. ಆ ಸಾಲು ಈ ರೆಕಾರ್ಡಿಂಗ್‌ನಲ್ಲಿ ಹಾಗೆಯೇ ಉಳಿಯಿತು. ಹಾಳೆಯನ್ನು ಡ್ರಮ್ಮರ್‌ಗೆ ತೋರಿಸಿದೆ. ಈಗ ಅಭ್ಯಾಸದಲ್ಲಿ ಆ ಸಾಲು ಬಂದಾಗ ಅವನು ಕ್ರ್ಯಾಶ್ ಬಿಟ್ಟು ಹೈ-ಹ್ಯಾಟ್‌ಗೆ ಬರುತ್ತಾನೆ.