ಬಗ್ಗೋಕೆ ಆಗಲ್ಲ ಅಂದ್ರೆ ಕೈತೋಟಾನೇ ಮೇಲಕ್ಕೆ ಎತ್ರಿ

ಹೋದ ಮಳೆಗಾಲದಲ್ಲಿ ಹಿತ್ತಲಲ್ಲಿ ಕಳೆ ಕೀಳೋಕೆ ಅಂತ ಕುಕ್ಕರಗಾಲಲ್ಲಿ ಕೂತೆ, ಕೂತೋಳಿಗೆ ಏಳೋಕೇ ಆಗ್ಲಿಲ್ಲ. ನಮ್ಮನೆಯವರನ್ನ ಕೂಗಿದ್ರೆ ಒಳಗೆ ಟಿವಿ ನ್ಯೂಸ್ ಜೋರಾಗಿತ್ತು, ಸರಿ ಅಂತ ಪಕ್ಕದ ಪಪ್ಪಾಯಿ ಗಿಡ ಹಿಡ್ಕೊಂಡು ಎದ್ದೆ ನೋಡ್ರಿ, ನಾನು ಎದ್ದೆ, ಗಿಡ ವಾಲ್ತು. ಮಗಳು ಫೋನಲ್ಲಿ "ಸಾಕು ಬಿಡಮ್ಮ ಇನ್ನ, ಮಾರ್ಕೆಟ್ಟಲ್ಲಿ ಸೊಪ್ಪು ಸಿಗಲ್ವಾ" ಅಂದ್ಲು. ಸೊಪ್ಪು ಸಿಗುತ್ತೆ ರೀ, ಬೆಳಿಗ್ಗೆ ಎದ್ದು ನೋಡೋಕೆ ಏನಿರುತ್ತೆ? ಅದಕ್ಕೆ ತೋಟ ಬಿಡ್ಲಿಲ್ಲ, ಬದಲಾಯಿಸಿದೆ.

ಮೊದಲ್ನೇ ಕೆಲಸ ಅಳತೆ. ಬೇರೆ ಟೇಪು ಬೇಡ, ನಿಮ್ಮ ಅಡುಗೆಮನೆ ಕಟ್ಟೆ ಇದೆಯಲ್ಲ, ಎಷ್ಟೋ ವರ್ಷ ಸೊಂಟ ಬಗ್ಗಿಸದೆ ಅಲ್ಲಿ ನಿಂತು ಕೆಲಸ ಮಾಡೀವಿ, ಕುಂಡದ ಮಣ್ಣೂ ಅದೇ ಎತ್ತರಕ್ಕೆ ಬರಬೇಕು. ನಮ್ಮನೇಲಿ ಅದು 32 ಇಂಚು. 8 ಇಂಚಿನ ಸಿಮೆಂಟ್ ಬ್ಲಾಕ್ ಒಂದರ ಮೇಲೊಂದು ಎರಡು, ಮೇಲೆ ಒಂದಿಂಚು ದಪ್ಪದ ಕಡಪ ಕಲ್ಲು, 17 ಇಂಚಾಯ್ತು, ಅದರ ಮೇಲೆ 15 ಇಂಚು ಎತ್ತರದ ಗ್ರೋ ಬ್ಯಾಗ್, ಅಂದ್ರೆ ಕುಂಡದ ಬದಲು ಗಿಡ ಬೆಳೆಸೋ ಚೀಲ, ಲೆಕ್ಕ ಸರಿಹೋಯ್ತು. ಬ್ಲಾಕು ಎರಡೆರಡು ಅಡಿಗೆ ಒಂದು ಜೊತೆ ಇರ್ಲಿ, ಯಾಕಂದ್ರೆ 12 ಇಂಚು ಅಗಲದ ಬ್ಯಾಗು ನೀರು ಕುಡಿದ ಮೇಲೆ ಒಂದೊಂದೂ ಹತ್ತಿರ ಹತ್ತಿರ 30 ಕೆಜಿ ತೂಗುತ್ತೆ. ಟೆರೇಸ್ ಮೇಲಾದ್ರೆ ಮಧ್ಯದಲ್ಲಿ ಗುಂಪು ಹಾಕ್ಬೇಡಿ, ಗೋಡೆ ಅಥವಾ ಬೀಮ್ ಇರೋ ಕಡೆ ಸಾಲಾಗಿಡ್ರಿ. ಗೋಡೆಗೆ ಒತ್ತಿ ಕಟ್ಟೆ ಮಾಡಿದ್ರೆ ಅಗಲ 2 ಅಡಿ ದಾಟಬಾರದು, ಕೈ ಎಟುಕಲ್ಲ, ಎಟುಕಿಸೋಕೆ ಹೋದ್ರೆ ಭುಜ ಹಿಡ್ಕೊಳ್ಳುತ್ತೆ.

ಆಮೇಲೆ ಮಣ್ಣು. ದಾವಣಗೆರೆ ಸುತ್ತಲಿನ ಎರೆಮಣ್ಣು ಹೊಲಕ್ಕೆ ಬಂಗಾರ, ಕುಂಡಕ್ಕೆ ಮಾತ್ರ ಬೇಡ. ಒಣಗಿದ್ರೆ ಇಟ್ಟಿಗೆ, ಬಿರುಕು ಬಿಟ್ಟು ಹಾಕಿದ ನೀರೆಲ್ಲ ಅಂಚಿನಿಂದ ಇಳಿದು ಕೆಳಗೆ ಹೋಗುತ್ತೆ, ಬೇರಿಗೆ ಸಿಗೋದೇ ಇಲ್ಲ. ಕೆಂಪು ಮಣ್ಣು ಎರಡು ಪಾಲು, ಕೊಳೆತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು, ಬ್ಯಾಗಿಗೊಂದು ಹಿಡಿ ಬೇವಿನ ಹಿಂಡಿ. ಕೋಕೋಪೀಟ್ ನೆನೆಸಿ ಎರಡು ಸಲ ಹಿಂಡಿ ನೀರು ಚೆಲ್ರಿ, ಉಪ್ಪು ಹೋಗ್ಲಿ. ನಮ್ಮೂರಲ್ಲಿ ರೈಸ್‌ಮಿಲ್ಲುಗಳಿಗೇನು ಕಮ್ಮಿ ಇಲ್ಲ, ಭತ್ತದ ಹೊಟ್ಟು ಸಿಕ್ಕರೆ ಅದನ್ನೂ ಸ್ವಲ್ಪ ಕಲಸಬಹುದು, ಬ್ಯಾಗೂ ಹಗುರ ಆಗುತ್ತೆ. ಹೊಟ್ಟಿನ ಬೂದಿ ಮಾತ್ರ ಚಿಟಿಕೆ ಲೆಕ್ಕ, ಅದು ಕ್ಷಾರ, ನಮ್ಮ ಬೋರ್ ನೀರು ಮೊದಲೇ ಗಡಸು. ಕುಂಡದ ಅಂಚಿಗೆ ಬೆಳ್ಳಗೆ ಉಪ್ಪು ಕಟ್ಟಿದ್ದು ನೋಡಿರ್ತೀರಲ್ಲ, ಅದು ಇದೇ ನೀರಿಂದು. ಮಳೆ ಬಂದಾಗ ಕುಂಡಗಳನ್ನ ಮುಚ್ಚಿಡಬೇಡಿ, ತೊಳೆದು ಹೋಗ್ಲಿ.

ನೀರು ಹಾಕೋದೇ ದೊಡ್ಡ ತಲೆನೋವು. ತುಂಬಿದ ಬಕೆಟ್ ಎತ್ತೋ ವಯಸ್ಸು ಮುಗೀತು. ನಾನು ಮಾಡಿದ್ದು ಇಷ್ಟು: ಬಣ್ಣ ಹಚ್ಚದ ಸಣ್ಣ ಮಣ್ಣಿನ ಕುಡಿಕೆ ತಂದು ಬ್ಯಾಗಿನ ನಡುವೆ ಕುತ್ತಿಗೆವರೆಗೂ ಹೂತೆ, ಅದರೊಳಗೆ ನೀರು ತುಂಬಿ ಮೇಲೆ ಮುಚ್ಚಳ. ಸುತ್ತಲಿನ ಮಣ್ಣು ಒಣಗಿದಂಗೆ ಕುಡಿಕೆಯಿಂದ ನೀರು ತಾನೇ ಜಿನುಗುತ್ತೆ. ಮೊದಲ ವಾರ ನಂಬಿಕೆ ಬರ್ಲಿಲ್ಲ, ದಿನಾ ಬೆರಳು ಹಾಕಿ ನೋಡ್ತಿದ್ದೆ, ಎರಡಿಂಚು ಕೆಳಗೆ ಮಣ್ಣು ತಣ್ಣಗೆ ಒದ್ದೆ. ಮಳೆಗಾಲ ಬಿಟ್ರೆ ಎರಡು ಮೂರು ದಿನಕ್ಕೊಮ್ಮೆ ತಂಬಿಗೆಯಿಂದ ತುಂಬಿದ್ರೆ ಸಾಕು, ಏಪ್ರಿಲ್ ಮೇನಲ್ಲಿ ದಿನಾ ತುಂಬ್ಬೇಕು. ಮುಚ್ಚಳ ಮರೀಬೇಡಿ, ಸೊಳ್ಳೆ ಮೊಟ್ಟೆ ಇಡುತ್ತೆ. ಬೀಜ ಬಿತ್ತಿದ ಹೊಸದರಲ್ಲಿ ಮಾತ್ರ ಮೇಲಿಂದಲೂ ಚಿಮುಕಿಸ್ಬೇಕು.

ಬೆಳೆಯೋದು ಏನು ಅಂದ್ರೆ, ನಾಕೇ ನಾಕು ಬ್ಯಾಗಿಂದ ಶುರು ಮಾಡ್ರಿ. ಮೆಂತ್ಯ ರಾತ್ರಿ ನೆನೆಹಾಕಿ ಬಿತ್ತಿದ್ರೆ 25ರಿಂದ 30 ದಿನಕ್ಕೆ ಕೈಗೆ ಬರುತ್ತೆ, ದಂಟಿಗೂ ಅಷ್ಟೇ ದಿನ. ಕೊತ್ತಂಬರಿ ಕಾಳನ್ನ ಚಪ್ಪಲಿಯಿಂದ ಉಜ್ಜಿ ಎರಡು ಹೋಳು ಮಾಡಿ ಬಿತ್ರಿ. ದೊಡ್ಡಪತ್ರೆ ಒಂದು ಕಡ್ಡಿ ಚುಚ್ಚಿದ್ರೆ ಸಾಕು, ಕೊಲ್ಲೋಕೆ ಹೋದ್ರೂ ಸಾಯಲ್ಲ. ಬಿಸಿಲು ಸುಡೋ ಎರಡು ತಿಂಗಳು ಸೊಪ್ಪಿಗೆ 50 ಪರ್ಸೆಂಟ್ ಶೇಡ್‌ನೆಟ್, ಅಂದ್ರೆ ಅರ್ಧ ಬಿಸಿಲು ತಡೆಯೋ ನೆರಳಿನ ಬಲೆ, ಬೇಕೇ ಬೇಕು.

ದಾಸವಾಳಕ್ಕೆ ಹಿಟ್ಟು ತಿಗಣೆ (ಬೆಳ್ಳಗೆ ಹತ್ತಿ ಅಂಟಿದಂಗೆ ಕಾಣೋ ಹುಳ) ಬಂದ್ರೆ ಮೊದಲು ಪೈಪಿನ ನೀರಲ್ಲೇ ಜೋರಾಗಿ ಹೊಡೀರಿ, ಹೋಗ್ಲಿಲ್ಲ ಅಂದ್ರೆ ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ಎರಡು ಹನಿ ಸೋಪಿನ ನೀರು ಕಲಸಿ ಸಂಜೆ ಹೊತ್ತು ಸಿಂಪಡಿಸ್ರಿ.

ಇನ್ನ ನಮ್ಮ ಮೈ ವಿಷ್ಯ. ಶುಗರ್ ಇರೋರು ಬರಿಗಾಲಲ್ಲಿ ತೋಟಕ್ಕೆ ಇಳೀಬೇಡಿ, ಕಾಲಿಗೆ ಮುಳ್ಳು ಚುಚ್ಚಿದ್ದೇ ಗೊತ್ತಾಗಲ್ಲ ಕೆಲವರಿಗೆ. ರಕ್ತ ತೆಳು ಆಗೋ ಮಾತ್ರೆ ತಗೊಳ್ಳೋರು ಗ್ಲೌಸ್ ಹಾಕ್ಲೇಬೇಕು. ಪಾಚಿ ಕಟ್ಟಿದ ಜಾಗ ಮಳೆಗಾಲಕ್ಕೆ ಮುಂಚೆನೇ ಯಾರಿಗಾದ್ರೂ ಕೊಟ್ಟು ಉಜ್ಜಿಸಿ. ಒಂಬತ್ತು ಗಂಟೆ ಒಳಗೆ ಕೆಲಸ ಮುಗಿಸಿ, ಫೋನ್ ಜೇಬಲ್ಲಿರ್ಲಿ, ಪಪ್ಪಾಯಿ ನಂಬ್ಕೊಬೇಡಿ.

ಕಟ್ಟೆ ಪಕ್ಕ ಕೈ ಇರೋ ಪ್ಲಾಸ್ಟಿಕ್ ಕುರ್ಚಿ ಒಂದು ಹಾಕ್ರಿ, ಎದ್ದೇಳೋಕೆ ಆಸರೆ. ನಾನು ಎರಡು ಹಾಕೀನಿ. ನಮ್ಮನೆಯವರು ಈಗ ನ್ಯೂಸ್ ಬಿಟ್ಟು ಚಾ ಹಿಡ್ಕೊಂಡು ಬಂದು ಕೂರ್ತಾರೆ, ಒಂದು ಹುಲ್ಲುಕಡ್ಡೀನೂ ಕೀಳಲ್ಲ, ಮೆಂತ್ಯ ಯಾವಾಗ ಕೀಳ್ತಿ ಅಂತ ಕೇಳ್ತಾರೆ ಅಷ್ಟೇ.